ರಾಬಿನ್ ಹುಡ್ ಗ್ಯಾಂಗ್‌ನ ಹಾಡುಗಾರನ ಹೆಸರೇನು? ಬ್ಲಾಂಡೆಲ್ಲಾ, ಅಲನ್ನಾ?

ಕ್ವಿಜ್_ಕಿಟ್ಟಿ
ಎಲ್ರಿಗೂ ನಮಸ್ಕಾರ. ನಮ್ಮ ಲೇಔಟ್ ಕ್ವಿಜ್‌ಗೆ ಪ್ರಶ್ನೆ ರೆಡಿ ಮಾಡ್ತಾ ಇದೀನಿ, ಈ ಸಲ ಒಂದು ರೌಂಡ್ ಪೂರ್ತಿ ಕಥೆಗಳಲ್ಲಿ ಬರೋ ದರೋಡೆಕೋರರ ಬಗ್ಗೆ. ರಾಬಿನ್ ಹುಡ್ ಜೊತೆ ಶೆರ್‌ವುಡ್ ಕಾಡಲ್ಲಿ ಒಬ್ಬ ಹಾಡೋನು ಇರ್ತಾನಲ್ಲ, ಹಾರ್ಪೋ ಲೂಟೋ ಏನೋ ಒಂದು ತಂತಿ ವಾದ್ಯ ಹಿಡ್ಕೊಂಡು, ಅವನ ಹೆಸರು ಬೇಕಿತ್ತು. ಒಂದು ಕಡೆ ಬ್ಲಾಂಡೆಲ್ ಅಂತ ಸಿಕ್ತು, ಇನ್ನೊಂದು ಕಡೆ ಅಲನ್ ಅಂತ. ಯಾವ್ದು ಇಟ್ಕೊಳ್ಳಿ? ನಮ್ಮಲ್ಲಿ ಒಬ್ರು ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರು ಇದಾರೆ, ತಪ್ಪು ಸಿಕ್ರೆ ಬಿಡೋರಲ್ಲ.

ಸಿನಿಮಾ_ಸೀನ
ಅಲನ್-ಎ-ಡೇಲ್. ಲಾಕ್ ಮಾಡಿ ಗುರು. ಡಿಸ್ನಿಯವ್ರ 1973ರ ಕಾರ್ಟೂನ್ ನೋಡಿಲ್ವಾ, ಅದ್ರಲ್ಲಿ ಹುಂಜ ಒಂದು ಲೂಟ್ ಹಿಡ್ಕೊಂಡು ಕಥೆ ಹೇಳುತ್ತಲ್ಲ, ಅದೇ ಅಲನ್. ಧ್ವನಿ ರಾಜರ್ ಮಿಲ್ಲರ್‌ದು. ಶುರುನಲ್ಲಿ ಬರೋ ಶಿಳ್ಳೆ ಟ್ಯೂನ್ ಇದ್ಯಲ್ಲ, ಅದನ್ನೇ ಸ್ಪೀಡ್ ಮಾಡಿ 90ರ ದಶಕದ ಕೊನೇಲಿ ಆ ಹ್ಯಾಮ್‌ಸ್ಟರ್ ಕುಣಿಯೋ ವೆಬ್‌ಪೇಜ್ ಬಂದಿದ್ದು. ಬ್ಲಾಂಡೆಲ್ ಯಾರು ಗೊತ್ತಿಲ್ಲ.

ಲಾವಣಿ_ಪ್ರಿಯ
ಬ್ಲಾಂಡೆಲ್ ಬೇರೆ ಕಥೆ ಕಿಟ್ಟಿ. ಅವನು ರಾಬಿನ್ ಹುಡ್ ಕಡೆಯವನಲ್ಲ, ಇಂಗ್ಲೆಂಡ್‌ನ ರಿಚರ್ಡ್ ರಾಜನ ಕಡೆಯವನು. 1192ರ ಡಿಸೆಂಬರ್‌ನಲ್ಲಿ ರಿಚರ್ಡ್ ಕ್ರುಸೇಡ್ ಅನ್ನೋ ಧರ್ಮಯುದ್ಧದಿಂದ ವಾಪಸ್ ಬರ್ತಾ ಇದ್ದಾಗ ಆಸ್ಟ್ರಿಯಾದ ಡ್ಯೂಕ್ ಲಿಯೋಪೋಲ್ಡ್ ಹಿಡ್ದು ಒಳಗೆ ಹಾಕ್ದ, ಬಿಡೋಕೆ ಕೇಳಿದ್ದು 1,50,000 ಮಾರ್ಕ್ ದುಡ್ಡು. ಇಷ್ಟು ಇತಿಹಾಸ. ರಾಜ ಎಲ್ಲಿದಾನೆ ಅಂತ ಯಾರಿಗೂ ಗೊತ್ತಿಲ್ದೆ ಇದ್ದಾಗ ಬ್ಲಾಂಡೆಲ್ ಅನ್ನೋ ಹಾಡುಗಾರ ದೇಶ ದೇಶ ಸುತ್ತಿ, ಅವರಿಬ್ಬರಿಗೆ ಮಾತ್ರ ಗೊತ್ತಿದ್ದ ಒಂದು ಹಾಡಿಂದ ಕೋಟೆ ಪತ್ತೆ ಮಾಡಿದ ಅನ್ನೋದು ಕಥೆ, ಅದು ಬಂದಿದ್ದು 1260ರ ಸುಮಾರಿಗೆ ಫ್ರಾನ್ಸ್‌ನ ರೀಮ್ಸ್ ಊರಿನ ಒಬ್ಬ ಹಾಡುಗಾರನ ಬಾಯಿಂದ. ಹಾಡುಗಾರ ಹೇಳಿದ ಕಥೇಲಿ ಹಾಡುಗಾರನೇ ಹೀರೋ, ಅದೇನು ಆಶ್ಚರ್ಯ ಅಲ್ಲ ಬಿಡಿ.

ಇದು ರಾಬಿನ್ ಹುಡ್‌ಗೆ ಮಿಕ್ಸ್ ಆಗೋದು ಯಾಕೆ ಅಂದ್ರೆ 1521ರಲ್ಲಿ ಜಾನ್ ಮೇಜರ್ ಅಂತ ಒಬ್ಬ ಸ್ಕಾಟ್ಲೆಂಡ್ ಪಂಡಿತ ತನ್ನ ಇತಿಹಾಸದ ಪುಸ್ತಕದಲ್ಲಿ ರಾಬಿನ್ ಹುಡ್‌ನ ತಂದು ರಿಚರ್ಡ್ ಜೈಲಲ್ಲಿದ್ದ ಆ ವರ್ಷಗಳಿಗೆ ಕೂರಿಸಿಬಿಟ್ಟ. ಅದಕ್ಕೆ ಮುಂಚಿನ ಹಳೇ ಹಾಡಲ್ಲಿ ರಾಜನ ಹೆಸರು ಎಡ್ವರ್ಡ್. ರಿಚರ್ಡೂ ಇಲ್ಲ, ಅವನ ತಮ್ಮ ಜಾನೂ ಇಲ್ಲ.

ಇನ್ನು ಅಲನ್. ಹೆಸರು ಸರಿ. ಆದ್ರೆ ಪ್ರಶ್ನೆ ಹೀಗೇ ಕೇಳಿದ್ರೆ ಆ ಮೇಷ್ಟ್ರು ನಿಮ್ಮನ್ನ ಹಿಡ್ಕೊಳ್ಳೋದು ಗ್ಯಾರಂಟಿ, ಯಾಕಂದ್ರೆ ಅಲನ್ ಮೊದಲು ಬರೋ ಹಾಡಲ್ಲಿ ಅವನು ಹಾರ್ಪ್ ನುಡಿಸೋನೇ ಅಲ್ಲ. ನಾನು ಹಾರ್ಪ್ ನುಡಿಸೋನು ಅಂತ ಹೇಳ್ಕೊಳೋದು ರಾಬಿನ್ ಹುಡ್.

ಧಾರವಾಡದ_ಅಕ್ಕ
ಅಲ್ರೀ ಲಾವಣಿ ಸರ್, ಅರ್ಧಾ ಹೇಳಿ ಬಿಟ್ರ ಹೆಂಗ್ರೀ. ಆ ಹಾಡಿನ್ಯಾಗ ಏನೈತಿ ಪೂರ್ತಿ ಹೇಳ್ರಿ.

ಲಾವಣಿ_ಪ್ರಿಯ
ಹೇಳ್ತೀನಿ ಅಕ್ಕಾ, ಉದ್ದ ಆಗುತ್ತೆ.

ಇದು 17ನೇ ಶತಮಾನದ ಅಚ್ಚಾದ ಹಾಡು. ಒಂದೇ ಹಾಳೆ ಮೇಲೆ ಹಾಡು ಅಚ್ಚು ಹಾಕಿ, ಮೇಲೆ ಒಂದು ಮರದಚ್ಚಿನ ಚಿತ್ರ ಹಾಕಿ, ಯಾವ ಧಾಟೀಲಿ ಹಾಡ್ಬೇಕು ಅಂತ ಒಂದು ಸಾಲು ಬರ್ದು, ಬೀದೀಲಿ ಸಂತೇಲಿ ಹಾಡ್ತಾ ಮಾರ್ತಾ ಇದ್ರಲ್ಲ ಆ ಥರದ್ದು. ಆಮೇಲೆ ಅಮೆರಿಕದ ಪ್ರೊಫೆಸರ್ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ 305 ಹಾಡು ಸೇರಿಸಿ ನಂಬರ್ ಕೊಟ್ಟರು, ಅದ್ರಲ್ಲಿ ಇದು 138.

ರಾಬಿನ್ ಮರದ ಕೆಳಗೆ ನಿಂತಿರ್ತಾನೆ. ಒಬ್ಬ ಹುಡುಗ ಕೆಂಪು ಬಟ್ಟೆ ಹಾಕ್ಕೊಂಡು, ಮದುವೆ ಗಂಡಿನ ಥರ ಮಿಂಚ್ತಾ, ಕುಣ್ಕೊಂಡು ಪದ ಹೇಳ್ಕೊಂಡು ಬಯಲಲ್ಲಿ ಹೋಗ್ತಾನೆ. ಮಾರನೇ ದಿನ ಬೆಳಿಗ್ಗೆ ಅದೇ ಹುಡುಗ ಅದೇ ದಾರೀಲಿ ಬರ್ತಾನೆ, ಕೆಂಪು ಬಟ್ಟೆ ಇಲ್ಲ, ಹೆಜ್ಜೆಗೊಂದು ನಿಟ್ಟುಸಿರು. ರಾಬಿನ್ ಕಡೆಯ ಲಿಟಲ್ ಜಾನ್ ಮತ್ತೆ ಹಿಟ್ಟಿನ ಗಿರಣಿಯವನ ಮಗ ಇಬ್ರೂ ಅಡ್ಡ ಹಾಕ್ತಾರೆ, ಇವನು ಹೆದರಲ್ಲ, ಬಿಲ್ಲು ಬಗ್ಗಿಸ್ತಾನೆ. ಗಮನಿಸಿ, ಕೈಲಿರೋದು ಬಿಲ್ಲು. ರಾಬಿನ್ ಮುಂದೆ ಕರ್ಕೊಂಡು ಬಂದ್ರೆ ರಾಬಿನ್ ಎಂದಿನ ಹಾಗೆ ದುಡ್ಡೆಷ್ಟಿದೆ ತೆಗಿ ಅಂತಾನೆ. 5 ಷಿಲಿಂಗು ಮತ್ತೆ ಒಂದು ಉಂಗುರ, ಅಷ್ಟೇ, ಆ ಉಂಗುರ 7 ವರ್ಷದಿಂದ ಮದುವೆಗೆ ಅಂತ ಇಟ್ಕೊಂಡಿದ್ದು. ನಿನ್ನೆ ಮದುವೆ ಆಗ್ಬೇಕಿತ್ತು, ಹುಡುಗೀನ ಒಬ್ಬ ಮುದುಕ ನೈಟ್‌ಗೆ, ಅಂದ್ರೆ ಸರದಾರನಿಗೆ, ಕೊಡ್ತಾ ಇದಾರೆ, ನನ್ನ ಎದೆ ಒಡೆದುಹೋಗಿದೆ ಅಂತಾನೆ. ಹೆಸರೇನು ಅಂತ ಕೇಳಿದ್ರೆ ಅಲನ್-ಎ-ಡೇಲ್.

ರಾಬಿನ್ ಆಗಲೂ ವ್ಯಾಪಾರ ಬಿಡಲ್ಲ. ಹುಡುಗೀನ ತಂದುಕೊಟ್ರೆ ನಂಗೇನು ಕೊಡ್ತೀಯ ಅಂತಾನೆ. ದುಡ್ಡಿಲ್ಲ, ಪುಸ್ತಕ ಮುಟ್ಟಿ ಪ್ರಮಾಣ ಮಾಡ್ತೀನಿ, ನಿನ್ನ ಆಳಾಗಿರ್ತೀನಿ ಅಂತಾನೆ ಅಲನ್. ಚರ್ಚು 5 ಮೈಲಿ ದೂರ. ರಾಬಿನ್ ಓಡ್ತಾನೆ, ಅಲ್ಲಿ ಬಿಷಪ್ ಯಾರಯ್ಯ ನೀನು ಅಂದ್ರೆ ನಾನು ಹಾರ್ಪ್ ನುಡಿಸೋನು, ಉತ್ತರ ಸೀಮೇಲಿ ನನ್ನಂಥವನು ಇನ್ನೊಬ್ಬ ಇಲ್ಲ ಅಂತಾನೆ. ಬಿಷಪ್‌ಗೆ ಖುಷಿಯೋ ಖುಷಿ, ಹಾರ್ಪ್ ಅಂದ್ರೆ ನಂಗೆ ಪ್ರಾಣ, ಬಾಪ್ಪ ಬಾ. ರಾಬಿನ್ ಮಾತ್ರ ಗಂಡು ಹೆಣ್ಣು ಕಣ್ಣಿಗೆ ಬೀಳೋ ತನಕ ಸಂಗೀತ ಇಲ್ಲ ಅಂತ ಕೂತುಬಿಡ್ತಾನೆ.

ಕೊನೆಗೂ ಒಂದು ತಂತಿ ಮೀಟಲ್ಲ ಪುಣ್ಯಾತ್ಮ. ಮುದುಕ ನೈಟ್ ಬಂದ, ಹಿಂದೆ ಚಿನ್ನದ ಥರ ಹೊಳೀತಾ ಹುಡುಗಿ ಬಂದ್ಲು, ಈ ಜೋಡಿ ಸರಿ ಇಲ್ಲ ಅಂತ ಹೇಳಿ ಕೊಂಬು ತೆಗ್ದು ಊದ್ದ, 24 ಜನ ಬಿಲ್ಲುಗಾರರು ಹೊಲ ಹಾರ್ಕೊಂಡು ಬಂದ್ರು, ಎಲ್ಲರಿಗಿಂತ ಮುಂದೆ ಅಲನ್, ರಾಬಿನ್‌ಗೆ ಅವನ ಬಿಲ್ಲು ತಂದುಕೊಡೋದು ಅವನೇ. ಇಷ್ಟು ಹಾಡಲ್ಲಿ ಅಲನ್ ಸಂಗೀತ ಅಂದ್ರೆ ಮೊದಲನೇ ದಿನ ಗುನುಗಿದ ಆ ಒಂದು ಪದ. ಅಷ್ಟು ಗುನುಗಿದ್ರೆ ಹಾಡುಗಾರ ಅನ್ನೋದಾದ್ರೆ ಬಾತ್‌ರೂಮಲ್ಲಿ ನಾವೆಲ್ಲ ಹಾಡುಗಾರರೇ.

ಕ್ವಿಜ್_ಕಿಟ್ಟಿ
ಅಯ್ಯೋ ಇದೇನ್ ಸರ್, ಒಂದು ಪದದ ಆನ್ಸರ್ ಕೇಳಿದ್ರೆ ಹರಿಕಥೆ ಶುರು ಆಯ್ತು. ಆದ್ರೂ ಮುಂದೆ ಹೇಳಿ, ಮದುವೆ ಆಯ್ತಾ?

ಕುಡ್ಲದ_ಡಿಸೋಜ
ಮದುವೆ ಆಗುದು ಮಾರಾಯ್ರೆ, ಆದ್ರೆ ಅದ್ರಲ್ಲಿ ಒಂದು ತಮಾಷೆ ಉಂಟು, ಅದು ನಾನು ಹೇಳ್ತೇನೆ, ಯಾಕಂದ್ರೆ ನಮ್ಮವರಿಗೆ ಬೇಗ ಅರ್ಥ ಆಗ್ತದೆ. ರಾಬಿನ್ ಈಗ್ಲೇ ಈ ಹುಡುಗನಿಗೇ ಮದುವೆ ಮಾಡಿಸಿ ಅಂತ ಹೇಳುವಾಗ ಬಿಷಪ್ ಆಗುದಿಲ್ಲ ಅಂತ ಹೇಳ್ತಾನೆ, ದೇಶದ ಕಾನೂನು ಪ್ರಕಾರ ಚರ್ಚಲ್ಲಿ ಮೂರು ಸಲ ಕೇಳ್ಬೇಕು ಅಂತ. ಅದು ಸುಮ್ಮನೆ ನೆಪ ಅಲ್ಲ, 1215ರಲ್ಲಿ ಪೋಪ್ ಕರೆದ ಲ್ಯಾಟರನ್ ಸಭೆಯಲ್ಲಿ ಎಲ್ಲಾ ಕಡೆಗೂ ನಿಯಮ ಮಾಡಿದ್ದು, ಮದುವೆ ಮೊದಲೇ ಸಾರ್ಬೇಕು, ಯಾರಿಗಾದ್ರೂ ತಕರಾರು ಇದ್ರೆ ಹೇಳ್ಬೇಕು ಅಂತ. ನಮ್ಮ ಮಂಗಳೂರಿನ ಇಗರ್ಜಿಗಳಲ್ಲಿ ಈಗ್ಲೂ ಮದುವೆ ಮುಂಚೆ ಪೂಜೆಯಲ್ಲಿ ಮೂರು ಭಾನುವಾರ ಓದ್ತಾರೆ, ಇಂತವರ ಮಗ ಇಂತವರ ಮಗಳು ಅಂತ, ಹಿಂದಿನ ಬೆಂಚಿನ ಹೆಂಗಸರೆಲ್ಲ ಕಿವಿ ನೆಟ್ಟಗೆ ಮಾಡಿ ಕೂತಿರ್ತಾರೆ.

ಈಗ ರಾಬಿನ್ ಎಂತ ಮಾಡ್ತಾನೆ ಅಂದ್ರೆ ಬಿಷಪ್‌ನ ಕೋಟು ಎಳೆದು ತೆಗ್ದು ಲಿಟಲ್ ಜಾನ್‌ಗೆ ಹಾಕ್ತಾನೆ. ಆ ಎತ್ತರದ ಆಸಾಮಿ ಬಿಷಪ್ ಕೋಟಲ್ಲಿ ಗಾಯಕರ ಜಾಗಕ್ಕೆ ಹೋಗಿ ನಿಲ್ಲುವಾಗ ಜನ ನಗ್ಲಿಕ್ಕೆ ಶುರು ಮಾಡ್ತಾರೆ. ಮೂರು ಸಲ ಸಾಕಾಗದಿದ್ರೆ ಅಂತ ಅವ ಏಳು ಸಲ ಕೇಳ್ತಾನೆ! ನಮ್ಮ ಚರ್ಚಲ್ಲಿ ಇದನ್ನು ಹೇಳಿದ್ರೆ ಫಾದರೇ ನಗ್ತಾರೆ.

ಲಾವಣಿ_ಪ್ರಿಯ
ಸೂಪರ್ ಡಿಸೋಜರೇ, ಆ ಹಾಡಿನ ಜೀವ ಇರೋದೇ ಆ ಏಳರಲ್ಲಿ. ಈ ಹುಡುಗೀನ ಯಾರು ಕೊಡ್ತಾರೆ ಅಂತ ಲಿಟಲ್ ಜಾನ್ ಕೇಳಿದ್ರೆ ನಾನು ಕೊಡ್ತೀನಿ ಅಂತಾನೆ ರಾಬಿನ್, ಇವಳನ್ನ ಅಲನ್ ಕೈಯಿಂದ ಕಿತ್ಕೊಂಡೋನಿಗೆ ದುಬಾರಿ ಬೀಳುತ್ತೆ ಅಂತ ಒಂದು ವಾರ್ನಿಂಗೂ ಸೇರಿಸಿ.

ಧಾರವಾಡದ_ಅಕ್ಕ
ಎಲ್ಲಾ ಛಲೋ ಐತ್ರಿ, ಆದ್ರ ನಂದೊಂದು ಪ್ರಶ್ನೆ. ಆ ಹುಡುಗಿ ಏನಂತಾಳ್ರೀ ಇದಕ್ಕೆಲ್ಲಾ? ಮುದುಕ ಒಬ್ಬ ಕರ್ಕೊಂಡು ಬಂದ, ಕಳ್ಳ ಒಬ್ಬ ಕೊಟ್ಟ, ಹುಡುಗ ಒಬ್ಬ ಕರ್ಕೊಂಡು ಹೋದ. ಕೇಳಿದ್ರೇನು ಆಕೀನ ಯಾರರೆ?

ಲಾವಣಿ_ಪ್ರಿಯ
ಒಳ್ಳೇ ಜಾಗಕ್ಕೇ ಕೈ ಹಾಕಿದ್ರಿ. ರಾಬಿನ್ ಬಾಯಲ್ಲಿ ಒಂದು ಮಾತಿದೆ, ಚರ್ಚಿಗೆ ಬಂದಾಗಿದೆ, ಹುಡುಗಿ ತನಗೆ ಬೇಕಾದವನನ್ನ ತಾನೇ ಆರಿಸ್ಕೋಬೇಕು ಅಂತ. ಆಮೇಲೆ ಅವಳಿಗೆ ಒಂದು ಸಾಲು ಮಾತೂ ಇಲ್ಲ, ಹೆಸರೂ ಇಲ್ಲ. ಕೊನೇಲಿ ರಾಣಿ ಥರ ಕಾಣ್ತಿದ್ಲು ಅಂತ ಹೇಳಿ ಎಲ್ಲರನ್ನೂ ಹಸಿರು ಕಾಡಿಗೆ ವಾಪಸ್ ಕಳಿಸಿ ಹಾಡು ಮುಗೀತದೆ. ಹೆಸರು ಕೊಟ್ಟಿದ್ದು 19ನೇ ಶತಮಾನದ ಮೇಲಿನ ಲೇಖಕರು, ಅದೂ ಒಬ್ಬೊಬ್ಬರು ಒಂದೊಂದು. 1883ರ ಹೋವರ್ಡ್ ಪೈಲ್ ಪುಸ್ತಕದಲ್ಲಿ ಎಲೆನ್, ಮುದುಕನಿಗೂ ಸರ್ ಸ್ಟೀಫನ್ ಅಂತ ಹೆಸರು ಬಂತು. 1912ರ ಹೆನ್ರಿ ಗಿಲ್ಬರ್ಟ್ ಪುಸ್ತಕದಲ್ಲಿ ಆಲಿಸ್. ಅದಕ್ಕೂ ಮುಂಚೆ 1838ರಲ್ಲಿ ಶುರುವಾದ ಪಿಯರ್ಸ್ ಈಗನ್ ಧಾರಾವಾಹೀಲಿ ಹುಡುಗನೇ ಅಲನ್ ಕ್ಲೇರ್ ಆಗಿ, ರಾಬಿನ್ ಪ್ರೇಯಸಿ ಮರಿಯನ್‌ಗೆ ಅಣ್ಣನೂ ಆಗಿ, ಹುಡುಗಿ ಕ್ರಿಸ್ಟಬೆಲ್ ಆಗಿರ್ತಾಳೆ. ಕಿಟ್ಟಿ, ಅಲನ್ ಹೆಂಡತಿ ಹೆಸರೇನು ಅಂತ ಮಾತ್ರ ಕ್ವಿಜ್‌ನಲ್ಲಿ ಕೇಳೋಕೆ ಹೋಗ್ಬೇಡಿ.

ಧಾರವಾಡದ_ಅಕ್ಕ
ಆರಿಸ್ಕೋ ಅಂತ ಹೇಳಿ ಆರಿಸ್ಕೊಳ್ಳಾಕ ಬಿಡಲಿಲ್ಲ ಅಂದ್ರ ಅದು ಆರಿಸ್ಕೊಂಡಂಗ ಅಲ್ರಿ. ಇರಲಿ. ಹಂಗಾರ ಹಾರ್ಪ್ ಅಲನ್ ಕೈಗೆ ಹೋಗಿದ್ದು ಯಾವಾಗ?

ಸಿನಿಮಾ_ಸೀನ
ನಂಗನ್ಸುತ್ತೆ ಇದೆಲ್ಲ ಹಾಲಿವುಡ್ ಕೆಲ್ಸ.

ಲಾವಣಿ_ಪ್ರಿಯ
ಹಾಲಿವುಡ್ ಹುಟ್ಟೋಕೆ ನೂರು ವರ್ಷ ಮುಂಚೆ ಆಗಿಹೋಗಿದೆ ಸೀನ. ಸ್ಕಾಟ್ಲೆಂಡ್‌ನ ಕವಿ, ಕಾದಂಬರಿಕಾರ ವಾಲ್ಟರ್ ಸ್ಕಾಟ್ ಕೆಲ್ಸ ಇದು.

ಮುಂಚೆ ಒಂದು ವಿಷ್ಯ ಹೇಳ್ಬೇಕು. ಈ ಮದುವೆ ಕಥೇನೂ ಅಲನ್ ಸ್ವಂತದ್ದಲ್ಲ! 1600ರ ಆಸುಪಾಸಿನ ಒಂದು ಕೈಬರಹದ ರಾಬಿನ್ ಹುಡ್ ಚರಿತ್ರೆ ಲಂಡನ್ನಿನ ಸ್ಲೋನ್ ಸಂಗ್ರಹದಲ್ಲಿದೆ, ಅದ್ರಲ್ಲಿ ಇದೇ ಕಥೆ, ಇದೇ ಮುದುಕ, ಇದೇ ಕೊಂಬು, ಆದ್ರೆ ಹುಡುಗನ ಹೆಸರು ಸ್ಕಾರ್ಲಾಕ್, ಅಂದ್ರೆ ರಾಬಿನ್ ಗುಂಪಿನ ನಮ್ಮ ವಿಲ್ ಸ್ಕಾರ್ಲೆಟ್. ರಾಬಿನ್ ಅಲ್ಲಿ ಹೋಗೋದು ಭಿಕ್ಷುಕನ ವೇಷದಲ್ಲಿ. ಅಂದ್ರೆ ಅಚ್ಚಿನ ಹಾಡಿಗೆ ಬರೋಷ್ಟರಲ್ಲಿ ಹುಡುಗ ಬದಲಾದ, ವೇಷಾನೂ ಬದಲಾಯ್ತು. 1500ರ ಹೊತ್ತಿಗೆ ಅಚ್ಚಾದ 456 ಚರಣದ ದೊಡ್ಡ ಹಾಡಿದೆಯಲ್ಲ, ಗೆಸ್ಟ್ ಅಂತಾರೆ, ಅದ್ರಲ್ಲಿ ಲಿಟಲ್ ಜಾನ್, ಸ್ಕಾರ್ಲಾಕ್, ಗಿರಣಿಯವನ ಮಗ ಮಚ್ ಎಲ್ರೂ ಇದಾರೆ, ಅಲನ್ ಪತ್ತೇನೇ ಇಲ್ಲ. ಮರಿಯನ್ನೂ ಇಲ್ಲ ಅದು ಬೇರೆ ಮಾತು. ಆ ಹಳೇ ತಂಡಕ್ಕೆ ಹೋಲಿಸಿದ್ರೆ ಅಲನ್ ತೀರಾ ಲೇಟಾಗಿ ಬಂದೋನು.

ಈಗ ಸ್ಕಾಟ್. 18ನೇ ಶತಮಾನದ ಕೊನೇಲಿ ಇಂಗ್ಲೆಂಡ್‌ನಲ್ಲಿ ಹಳೇ ಹಾಡುಗಾರರ ಹುಚ್ಚು ಹಿಡ್ದಿತ್ತು. 1765ರಲ್ಲಿ ಥಾಮಸ್ ಪರ್ಸಿ ಅನ್ನೋ ಪಾದ್ರಿ ಹಳೇ ಹಾಡುಗಳ ಸಂಗ್ರಹ ತಂದು, ಅದಕ್ಕೆ ಹಾಡುಗಾರರ ಬಗ್ಗೆ ಉದ್ದ ಪ್ರಬಂಧ ಬರ್ದು, ಅವರೆಲ್ಲ ರಾಜರ ಪಕ್ಕ ಕೂರ್ತಿದ್ದ ದೊಡ್ಡ ಮನುಷ್ಯರು ಅನ್ನೋ ಹಾಗೆ ಚಿತ್ರ ಕೊಟ್ಟರು. ಜೋಸೆಫ್ ರಿಟ್ಸನ್ ಅಂತ ಇನ್ನೊಬ್ಬ ಸಿಡುಕು ಮೂತಿಯ ವಿದ್ವಾಂಸ, ಇವನೇ 1795ರಲ್ಲಿ ಎಲ್ಲ ರಾಬಿನ್ ಹುಡ್ ಹಾಡು ಕಲೆಹಾಕಿ 2 ಸಂಪುಟ ತಂದೋನು, ಅವನು ಅದೆಲ್ಲ ಬುರುಡೆ ಅಂತ ಪರ್ಸಿ ಮೇಲೆ ಬಿದ್ದ. ನಂಗೆ ಕೇಳಿದ್ರೆ ರಿಟ್ಸನ್ ಹೇಳಿದ್ದರಲ್ಲಿ ಹುರುಳಿತ್ತು. 1572ರ ಎಲಿಜಬೆತ್ ರಾಣಿ ಕಾಲದ ಕಾಯ್ದೆ ನೋಡಿ, ದೊಡ್ಡ ಯಜಮಾನನ ಆಶ್ರಯ ಇಲ್ದೆ ತಿರುಗೋ ಹಾಡುಗಾರರನ್ನ ಕರಡಿ ಆಡಿಸೋರು ನಾಟಕದೋರ ಜೊತೆಗೆ ಒಂದೇ ಲಿಸ್ಟಲ್ಲಿ ಪುಂಡು ಪೋಕರಿ ಅಂತ ಹಾಕಿದೆ. ರಾಜರ ಪಕ್ಕದ ಕುರ್ಚಿ ಎಲ್ಲಿ ಬಂತು.

ಆದ್ರೆ ಗೆದ್ದಿದ್ದು ಪರ್ಸಿ ಚಿತ್ರಾನೇ, ಸ್ಕಾಟ್ ಬೆಳೆದಿದ್ದೂ ಅದನ್ನ ಓದ್ಕೊಂಡೇ. 1813ರ ರೋಕ್‌ಬಿ ಅನ್ನೋ ಕಾವ್ಯದಲ್ಲಿ ಸ್ಕಾಟ್ ಅಲನ್ ಮೇಲೆ ಒಂದು ಹಾಡು ಹಾಕ್ದ. ಅದ್ರಲ್ಲೂ ಅಲನ್ ಹಾರ್ಪ್ ಹಿಡಿದಿಲ್ಲ, ಉಳೋಕೆ ಹೊಲ ಇಲ್ಲ, ಸುಡೋಕೆ ಸೌದೆ ಇಲ್ಲ, ಮನೆ ಎಲ್ಲಿ ಅಂದ್ರೆ ಆಕಾಶ ತೋರಿಸೋ ಕಾಡಿನ ಹುಡುಗ. ಹುಡುಗಿ ಅಪ್ಪ ಅಮ್ಮ ಬಾಗಿಲಾಚೆ ಹಾಕ್ತಾರೆ, ಮಾರನೇ ದಿನ ಹುಡುಗಿ ಕಾಡಿಗೆ ಓಡ್ಹೋಗಿರ್ತಾಳೆ ಪ್ರೇಮಕಥೆ ಕೇಳೋಕೆ, ಕಥೆ ಹೇಳ್ತಿದ್ದವನು ಅಲನ್. ಇಲ್ಲಿ ಕಥೆಗಾರ ಆದ. ಇನ್ನು 6-7 ವರ್ಷಕ್ಕೆ ಐವನ್‌ಹೋ ಕಾದಂಬರಿ ಬಂತು, 1819ರ ಡಿಸೆಂಬರ್. ಅದ್ರಲ್ಲಿ ಕಾಡಿನ ಪಾದ್ರಿ ತಾನು ಹಿಡಿದ ಒಬ್ಬ ಕೈದಿ ಕುತ್ತಿಗೆಗೆ ಹಗ್ಗ ಹಾಕಿ ಎಳ್ಕೊಂಡು ಜಂಬದಿಂದ ಬರ್ತಾ, ಅಲನ್-ಎ-ಡೇಲ್ ಎಲ್ಲಿ, ನನ್ನ ಸಾಹಸದ ಮೇಲೆ ಒಂದು ಹಾಡು ಕಟ್ಟೋಕೆ, ಬೇಕಾದಾಗ ಈ ಪದ ಹೊಸೆಯೋನು ಯಾವತ್ತೂ ಸಿಗಲ್ಲ ಅಂತ ಕೂಗಾಡ್ತಾನೆ. ಅಲ್ಲಿಗೆ ಮುಗೀತು. ಅದಾದ್ಮೇಲೆ ಅಲನ್ ಅಂದ್ರೆ ಹಾಡುಗಾರ, ಯಾರೂ ಬಿಲ್ಲು ವಾಪಸ್ ಕೊಡಲಿಲ್ಲ.

ಕ್ವಿಜ್_ಕಿಟ್ಟಿ
ಆದ್ರೆ ಯಾಕೆ ಅಲನ್ನೇ? ವಿಲ್ ಸ್ಕಾರ್ಲೆಟ್‌ಗೇ ಕೊಡಬಹುದಿತ್ತಲ್ಲ, ಕಥೆ ಅವನದೇ ಆಗಿದ್ರೆ.

ಲಾವಣಿ_ಪ್ರಿಯ
ಇದು ನನ್ನ ಊಹೆ. ಮೊದಲನೇದು ಗುಂಪಲ್ಲಿ ಎಲ್ಲರಿಗೂ ಒಂದೊಂದು ಡಿಪಾರ್ಟ್‌ಮೆಂಟ್ ಇತ್ತು, ಲಿಟಲ್ ಜಾನ್‌ಗೆ ದೊಣ್ಣೆ, ಪಾದ್ರಿ ಟಕ್‌ಗೆ ಹೊಟ್ಟೆ, ಸ್ಕಾರ್ಲೆಟ್‌ಗೆ ಕತ್ತಿ ಮತ್ತೆ ಒಳ್ಳೇ ಬಟ್ಟೆ, ಅಲನ್‌ಗೆ ಮದುವೆ ಆದ್ಮೇಲೆ ಮಾಡೋಕೆ ಕೆಲಸಾನೇ ಇರಲಿಲ್ಲ. ಎರಡನೇದು ಹಾಡಲ್ಲಿ ಹಾರ್ಪ್ ಅನ್ನೋ ಮಾತು ಅಲನ್ ಕಥೆ ಒಳಗೇ ಇತ್ತು, ಓದಿದವರ ತಲೇಲಿ ಅದು ರಾಬಿನ್ ಕೈಯಿಂದ ಜಾರಿ ಪಕ್ಕದವನ ಕೈಗೆ ಬಂತು. ಮೂರನೇದು ಹೆಸರೇ ಪ್ರಾಸಕ್ಕೆ ಹೇಳಿ ಮಾಡ್ಸಿದ ಹಾಗಿದೆ, ಡೇಲ್‌ಗೆ ಟೇಲ್, ಏಲ್, ಪೇಲ್ ಎಲ್ಲ ಸೇರುತ್ತೆ, ಸ್ಕಾಟ್ ತನ್ನ ಹಾಡಲ್ಲಿ ಅದನ್ನ ಚೆನ್ನಾಗಿ ದುಡಿಸ್ಕೊಂಡಿದಾನೆ. ಸ್ಕಾರ್ಲೆಟ್‌ಗೆ ಪ್ರಾಸ ಹುಡುಕಿ ನೋಡೋಣ.

ನಾಟಿಂಗ್‌ಹ್ಯಾಮ್_ನಾಗ
ನಾನು ಇಲ್ಲೇ ಇರೋದು ಆದ್ರಿಂದ ಎರಡು ಮಾತು. ಆ ಹೆಸರಲ್ಲಿ ಡೇಲ್ ಅಂದ್ರೆ ಕಣಿವೆ, ಯಾರ್ಕ್‌ಷೈರ್ ಡರ್ಬಿಷೈರ್ ಕಡೆ ಊರಿಗೊಂದು ಡೇಲ್ ಇದೆ, ನಮ್ಮಲ್ಲಿ ಹಳ್ಳಿ ಹೊಂಡ ಅಂತೆಲ್ಲ ಮನೆತನದ ಹೆಸರು ಇರಲ್ವಾ ಹಾಗೆ. ಅಲನ್ ಅನ್ನೋದು ಮಾತ್ರ ಇಲ್ಲಿನ ಹಳೇ ಹೆಸರಲ್ಲ, ಫ್ರಾನ್ಸ್‌ನ ಬ್ರಿಟನಿ ಸೀಮೆಯದು, 1066ರಲ್ಲಿ ಇಂಗ್ಲೆಂಡ್ ಗೆದ್ದ ನಾರ್ಮಂಡಿಯ ವಿಲಿಯಂ ಜೊತೆ ಬಂದವರ ಜೊತೆ ಬಂತು, ಉತ್ತರದ ರಿಚ್ಮಂಡ್ ಪ್ರಾಂತ್ಯ ಸಿಕ್ಕಿದ್ದೇ ಅಲನ್ ರೂಫಸ್ ಅನ್ನೋ ಬ್ರಿಟನಿಯವನಿಗೆ. ಸ್ಕಾಟ್ ಕಥೇಲಿ ಕಾಡಲ್ಲಿರೋರೆಲ್ಲ ಇಲ್ಲಿನ ಹಳಬರಾದ ಸ್ಯಾಕ್ಸನ್ನರು, ಊರಲ್ಲಿರೋರೆಲ್ಲ ಕೆಟ್ಟ ನಾರ್ಮನ್ನರು, ಆದ್ರೆ ಅವನ ಹಾಡುಗಾರನ ಹೆಸರೇ ಆ ಕಡೆಯಿಂದ ಹಡಗಲ್ಲಿ ಬಂದಿದ್ದು. ಯಾರೂ ಕೇಳಲ್ಲ.

ಇಲ್ಲಿ ಪ್ಯಾಪಲ್‌ವಿಕ್ ಅಂತ ಒಂದು ಹಳ್ಳಿ ಇದೆ, ನಾಟಿಂಗ್‌ಹ್ಯಾಮ್‌ನಿಂದ ಉತ್ತರಕ್ಕೆ. ಅಲ್ಲಿನ ಸೇಂಟ್ ಜೇಮ್ಸ್ ಚರ್ಚಲ್ಲೇ ಅಲನ್ ಮದುವೆ ಆಗಿದ್ದು ಅಂತ ಊರವರು ಹೇಳ್ತಾರೆ. ಗೋಪುರ ಹಳೇದು, ಉಳಿದ ಕಟ್ಟಡ 1795ರಲ್ಲಿ ಹೊಸದಾಗಿ ಕಟ್ಟಿದ್ದು, ಅದೇ ವರ್ಷ ರಿಟ್ಸನ್ ಪುಸ್ತಕಾನೂ ಬಂದಿದ್ದು ಅಂತ ಈಗ ಲಾವಣಿ ಸರ್ ಪೋಸ್ಟ್ ನೋಡಿ ಹೊಳೀತು. ಬಿಲ್ಲು ಬಾಣ ಕೆತ್ತಿರೋ ಹಳೇ ಸಮಾಧಿ ಕಲ್ಲು ಅಲ್ಲಿದೆ, ಕಾಡಿನ ಅಧಿಕಾರಿಗಳದ್ದು, ಅಂದ್ರೆ ರಾಬಿನ್‌ನ ಹಿಡಿಯೋ ಪಾರ್ಟಿಯವರದ್ದು. ಟೂರಿಸ್ಟ್‌ಗಳು ಅದರ ಮುಂದೆ ನಿಂತು ರಾಬಿನ್ ಗ್ಯಾಂಗಿಂದೇ ಅನ್ಕೊಂಡು ಫೋಟೋ ತೆಗೀತಾರೆ.

ನಾಟಿಂಗ್‌ಹ್ಯಾಮ್ ಕೋಟೆ ಹೊರಗಡೆ 1952ರಲ್ಲಿ ಜೇಮ್ಸ್ ವುಡ್‌ಫರ್ಡ್ ಮಾಡಿದ ರಾಬಿನ್ ಪ್ರತಿಮೆ ಇದೆ, ಪಕ್ಕದಲ್ಲಿ ಗುಂಪಿನವರ ಸಣ್ಣ ಪ್ರತಿಮೆಗಳು. ರಾಬಿನ್ ಬಾಣ ಎಷ್ಟೋ ಸಲ ಕಳುವಾಗಿದೆ. ಕಳ್ಳನ ಮನೇಲೇ ಕಳ್ಳತನ.

ಕುಡ್ಲದ_ಡಿಸೋಜ
ಉಳ್ಳವರಿಂದ ತೆಗ್ದು ಇಲ್ಲದವರಿಗೆ ಕೊಡುದು ಅಂತ ಹೇಳಿಕೊಟ್ಟದ್ದು ಅವನೇ ಅಲ್ವಾ ಮತ್ತೆ.

ಸಿನಿಮಾ_ಸೀನ
ನಾನು ಸಿನಿಮಾ ಕಡೆ ಲಿಸ್ಟ್ ಕೊಡ್ತೀನಿ, ಯಾಕಂದ್ರೆ ಇಲ್ಲೂ ಹಾರ್ಪ್ ಕೈ ಬದಲಾಯಿಸ್ತಾನೇ ಇದೆ. 1938ರ ಎರಲ್ ಫ್ಲಿನ್ ಸಿನಿಮಾದಲ್ಲಿ ಅಲನ್ ಇಲ್ಲವೇ ಇಲ್ಲ, ಲೂಟ್ ನುಡಿಸೋದು ವಿಲ್ ಸ್ಕಾರ್ಲೆಟ್! 1952ರ ಡಿಸ್ನಿ ಸಿನಿಮಾದಲ್ಲಿ ಎಲ್ಟನ್ ಹೇಯ್ಸ್ ಅಂತ ನಿಜವಾದ ಹಾಡುಗಾರನೇ ಅಲನ್, ಸೀನ್ ಮಧ್ಯೆ ಮಧ್ಯೆ ಹಾಡ್ತಾ ಕಥೆ ಮುಂದೆ ತಗೊಂಡು ಹೋಗ್ತಾನೆ. 2006ರ ಬಿಬಿಸಿ ಸೀರಿಯಲ್‌ನಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮಾಡಿದ ಅಲನ್ ಹಾಡಲ್ಲ, ಬಾಯಿ ಬಿಟ್ರೆ ಸುಳ್ಳು, ಮಧ್ಯದಲ್ಲಿ ಗ್ಯಾಂಗಿಗೇ ದ್ರೋಹ ಮಾಡ್ತಾನೆ. ಮತ್ತೆ 2010ರ ರಿಡ್ಲಿ ಸ್ಕಾಟ್ ಸಿನಿಮಾದಲ್ಲಿ ಅಲನ್ ಪಾತ್ರ ಮಾಡಿದ್ದು ಕೆನಡಾದ ಹಾಡುಗಾರ, ಅವನ ನಿಜವಾದ ಹೆಸರು ಅಲನ್ ಡಾಯ್ಲ್! ಅಲನ್-ಎ-ಡೇಲ್ ಪಾತ್ರಕ್ಕೆ ಅಲನ್ ಡಾಯ್ಲ್, ಕ್ಯಾಸ್ಟಿಂಗ್ ಮಾಡೋನಿಗೆ ಅವತ್ತು ಅರ್ಧ ದಿನ ರಜಾ ಸಿಕ್ಕಿರ್ಬೇಕು.

ಲಾವಣಿ_ಪ್ರಿಯ
1890ರ ಒಂದು ಅಮೆರಿಕನ್ ಆಪೆರಾನೂ ಸೇರಿಸ್ಕೊಳ್ಳಿ ಸೀನ, ರೆಜಿನಾಲ್ಡ್ ಡಿ ಕೋವೆನ್‌ದು. ಅದ್ರಲ್ಲಿ ಅಲನ್ ಪಾತ್ರ ಮಾಡಿದ್ದು ಜೆಸ್ಸಿ ಬಾರ್ಟ್ಲೆಟ್ ಡೇವಿಸ್ ಅನ್ನೋ ಹೆಂಗಸು. ಓ ಪ್ರಾಮಿಸ್ ಮಿ ಅಂತ ಅವರು ಹಾಡಿದ ಹಾಡು ಆಮೇಲೆ ಅಮೆರಿಕದ ಮದುವೆ ಮನೆಗಳಲ್ಲಿ ಬಹಳ ವರ್ಷ ಓಡ್ತು.

ಧಾರವಾಡದ_ಅಕ್ಕ
ಕಡೀಕೂ ಆ ಕಥಿಯೊಳಗ ಒಬ್ಬ ಹೆಣ್ಮಗಳ ಬಾಯಿಗೆ ಹಾಡು ಬಂತಲ್ಲ, ಗಂಡಸಿನ ವೇಷದಾಗ ಆದ್ರೂ.

ನನಗೊಂದು ಅನಸ್ತದ ಸರ್. ನಮ್ಮ ಕಡೆ ಹಲಗಲಿ ಬ್ಯಾಡರ ಲಾವಣಿ ಐತಲ್ರೀ, ಸಂಗೊಳ್ಳಿ ರಾಯಣ್ಣನ ಲಾವಣಿ ಐತಲ್ರೀ, ಅವನ್ನ ಫ್ಲೀಟ್ ಸಾಹೇಬ 1880ರ ದಶಕದಾಗ ಬರಕೊಂಡು ಅಚ್ಚ ಹಾಕಿಸಿದ, ನಿಮ್ಮ ಚೈಲ್ಡ್ ಅಲ್ಲಿ ಕಲೆಹಾಕಿ ಅಚ್ಚ ಹಾಕಸ್ತಿದ್ದದ್ದೂ ಅದ ಹೊತ್ತಿನ್ಯಾಗ. ಆ ಲಾವಣಿಯೊಳಗ ಹಾಡುವಾಂವ ಬ್ಯಾಡರ ಗುಂಪಿನೊಳಗ ಇರೂದಿಲ್ಲ. ಕಡೀ ನುಡಿಯೊಳಗ ಊರು ದೇವರ ಹೆಸರು ಹಾಕಿ ಅಂಕಿತ ಹಾಕ್ತಾನ, ಮುಗೀತು, ಆಂವ ಡಪ್ಪು ತುಂತುಣಿ ಹಿಡ್ಕೊಂಡು ನಮ್ಮ ಮುಂದ ನಿಂತಿರ್ತಾನ. ಕಣ್ಣ ಮುಂದ ಹಾಡಾಂವ ಇದ್ದಾಗ ಕಥಿಯೊಳಗ ಇನ್ನೊಬ್ಬ ಯಾಕ ಬೇಕ್ರಿ? ಪುಸ್ತಕ ಓದೂ ಮಂದಿಗೆ ಹಾಡಾಂವ ಇಲ್ಲ, ಅದಕ್ಕ ಸ್ಕಾಟ್ ಕಥಿಯೊಳಗ ಒಬ್ಬನ್ನ ತಂದು ಕುಂಡ್ರಿಸಿದ.

ಲಾವಣಿ_ಪ್ರಿಯ
ಅಕ್ಕಾ, ನಾನು ಮೂರು ಕಾರಣ ಕೊಟ್ಟೆ, ಮೂರಕ್ಕಿಂತ ಇದು ಗಟ್ಟಿ ಇದೆ.

ಒಂದೇ ಒಂದು ಸೇರಿಸ್ತೀನಿ, ಕಥೆ ಒಳಗಡೇನೇ ಹಾಡುಗಾರ ಇರೋ ನಿಜವಾದ ಮಧ್ಯಯುಗದ ಕಥೆ ಒಂದಿದೆ, ರಾಬಿನ್ ಹುಡ್‌ದಲ್ಲ. ಫುಲ್ಕ್ ಫಿಟ್ಸ್‌ವಾರಿನ್ ಅಂತ, ಜಾನ್ ರಾಜನ ಮೇಲೆ ತಿರುಗಿಬಿದ್ದು ಕಾಡು ಸೇರಿದ ನಿಜವಾದ ಜಮೀನ್ದಾರ. ಅವನ ಕಥೆ ಇರೋ ಕೈಬರಹ 14ನೇ ಶತಮಾನದ ಮೊದಲ ಭಾಗದ್ದು, ಇಂಗ್ಲೆಂಡ್‌ನಲ್ಲೇ ಬರೆದಿದ್ದು ಆದ್ರೆ ಫ್ರೆಂಚ್ ಭಾಷೇಲಿ. ಅವನ ಗುಂಪಲ್ಲಿ ಜಾನ್ ಡಿ ರಾಂಪೇನ್ ಅಂತ ಒಬ್ಬ, ಹಾರ್ಪ್, ಪಿಟೀಲಿನ ಥರದ್ದು, ತಮಟೆ, ಜಾದೂ, ಎಲ್ಲ ಬರುತ್ತೆ ಅವನಿಗೆ. ಕಿಟ್ಟಿ, ನಿಮಗೆ ಮಧ್ಯಯುಗದ ಹಾಡುಗಾರ ಬೇಕು ಅಂದ್ರೆ ಇವನೇ, ಅಲನ್‌ಗಿಂತ 300 ವರ್ಷ ಸೀನಿಯರ್.

ಕ್ವಿಜ್_ಕಿಟ್ಟಿ
ಈ ಹೆಸರು ಕೇಳಿದ್ರೆ ಮೇಷ್ಟ್ರೇ ಎದ್ದು ಹೋಗ್ತಾರೆ ಸರ್. ಏನ್ ಮಾಡ್ತಾನೆ ಅವನು?

ಲಾವಣಿ_ಪ್ರಿಯ
ಅವರ ಗುಂಪಿನ ಆಡಲ್ಫ್ ಡಿ ಬ್ರೇಸಿ ಅನ್ನೋ ನೈಟ್ ಶ್ರೂಸ್‌ಬರಿ ಕೋಟೇಲಿ ಸಿಕ್ಕಿಹಾಕ್ಕೊಂಡಿರ್ತಾನೆ, ಇನ್ನೇನು ಸಾಯಿಸ್ಬೇಕು. ಈ ರಾಂಪೇನ್ ಜಾನ್ ತಲೆಕೂದಲಿಂದ ಕಾಲಿನವರೆಗೂ ಇದ್ದಿಲ ಹಾಗೆ ಕಪ್ಪು ಬಳ್ಕೋತಾನೆ, ಹಲ್ಲು ಬಿಟ್ರೆ ಬೇರೇನೂ ಬೆಳ್ಳಗಿಲ್ಲ ಅಂತ ಬರೆದಿದೆ, ಕುತ್ತಿಗೆಗೆ ತಮಟೆ ನೇತುಹಾಕಿ ಇಥಿಯೋಪಿಯಾದ ಹಾಡುಗಾರ ಅಂತ ಹೇಳ್ಕೊಂಡು ಒಳಗೆ ಹೋಗ್ತಾನೆ. ಈಗ ಓದೋಕೆ ಮುಜುಗರ ಆಗುತ್ತೆ, ಕೋಟೆಯವರು ಅವನ ಬಣ್ಣದ ಬಗ್ಗೆ ಆಡೋ ಮಾತೂ ಚೆನ್ನಾಗಿಲ್ಲ. ಸಂಜೆ ಎಲ್ಲರ ಮುಂದೆ ಆಡಲ್ಫ್‌ನ ಕರೆಸ್ತಾರೆ, ಆಗ ಜಾನ್ ಆಡಲ್ಫ್ ಯಾವಾಗ್ಲೂ ಹಾಡ್ತಿದ್ದ ಒಂದು ಹಾಡು ಶುರು ಮಾಡ್ತಾನೆ, ಆಡಲ್ಫ್ ತಲೆ ಎತ್ತಿ ದಿಟ್ಟಿಸಿ ನೋಡಿ ಕಷ್ಟಪಟ್ಟು ಗುರುತು ಹಿಡೀತಾನೆ. ಬ್ಲಾಂಡೆಲ್ ಕಥೆ ಟ್ರಿಕ್ಕೇ ಇದು.

ಆಮೇಲೆ ಬಲು ವಿನಯದಿಂದ ಎಲ್ಲರಿಗೂ ಕುಡಿಯೋಕೆ ಬಡಿಸ್ತಾ ಬಡಿಸ್ತಾ ಲೋಟಕ್ಕೆ ಒಂದು ಪುಡಿ ಉದುರಿಸ್ತಾನೆ. ಎಲ್ರೂ ಗೊರಕೆ. ಅಲ್ಲಿ ರಾಜನ ಒಬ್ಬ ವಿದೂಷಕ ಇರ್ತಾನೆ, ಅವನನ್ನ ಎತ್ತಿ ಆಡಲ್ಫ್‌ನ ಕಾಯಬೇಕಾದ ಇಬ್ಬರು ನೈಟ್‌ಗಳ ಮಧ್ಯೆ ಮಲಗಿಸಿ, ಕೋಣೇಲಿದ್ದ ಟವೆಲ್ಲು ಹಾಸಿಗೆ ಬಟ್ಟೆ ಎಲ್ಲ ಗಂಟು ಹಾಕಿ ಸೆವರ್ನ್ ನದಿ ಕಡೆ ಕಿಟಕಿಯಿಂದ ಇಳಿದು ಇಬ್ರೂ ಪರಾರಿ.

ಸಿನಿಮಾ_ಸೀನ
ಗುರು ಇದನ್ನ ಯಾರೂ ಸಿನಿಮಾ ಮಾಡ್ದೆ ಆ ಹುಂಜನ್ನ ಮಾಡಿದಾರಲ್ಲ.

ಕುಡ್ಲದ_ಡಿಸೋಜ
ಬೆಳಿಗ್ಗೆ ಎದ್ದು ಕೈದಿ ಎಲ್ಲಿ ಅಂತ ನೋಡುವಾಗ ಮಧ್ಯದಲ್ಲಿ ವಿದೂಷಕ ಮಲಗಿದ್ರೆ ಆ ಎರಡು ಜನ ನೈಟ್‌ಗಳ ಕಥೆ ಎಂತ ಆಗಿರ್ಬಹುದು ಅಂತ ನಾನು ಯೋಚನೆ ಮಾಡ್ತಾ ಇದ್ದೇನೆ. ರಾಜನ ಹತ್ರ ಎಂತ ಹೇಳುದು ಅವರು?

ಧಾರವಾಡದ_ಅಕ್ಕ
ವಿದೂಷಕನೂ ನೌಕರಿ ಕಳಕೊಂಡಿರ್ತಾನ ಪಾಪ, ಆಂವಂದು ಏನೂ ತಪ್ಪಿಲ್ದ.